ರೇಡಿಯೋದವಳ ಹೇಳಿಕೆ

ನೀವು ಬಂದದ್ದು ನೀಲಿ ದಿನ.
ಇಂಥ ದಿನ ಕೋಳಿಯೂ ಇಳಿಸೀತು ಇಲ್ಲಿ ವಿಮಾನ.
ಕೂತುಕೊಳ್ಳಿ, ಆ ಕಾಫಿ ಮೂಟೆ ಒಣಗಿದೆ.
ಬರೆದುಕೊಳ್ಳಿ: ಡೋರ್ಕಸ್ ಯಾಂಡಿಮೆ,
ಯೆಂಗಿಸಾದ ರೇಡಿಯೋದವಳು, ಹನ್ನೊಂದು ವರ್ಷದಿಂದ.
ಸಂಬಳ ಇಲ್ಲ. ವಿಮಾನ ಬಂದರೆ
ಉಪ್ಪು, ಸೋಪು, ಒಂದು ಡಬ್ಬಿ ಮೀನು.

ರನ್‌ವೇ ಅಂತೀರಿ ನೀವು.
ನಮಗೆ ಅದು ಗುಡ್ಡಕ್ಕೆ ಒರಗಿಸಿಟ್ಟ ಹುಲ್ಲು,
ಶುಕ್ರವಾರ ಶಾಲೆಯ ಮಕ್ಕಳು ಮಚ್ಚು ಹಿಡಿದು ಸವರುವುದು.
ಏರುತ್ತ ಇಳಿಯಬೇಕು, ಜಾರುತ್ತ ಹಾರಬೇಕು.
ಕೊನೆಯಲ್ಲಿ ಬೆಟ್ಟದ ಎದೆ.
ಹೊಳೆಯಾಚೆಯ ಆ ಕೆಂಪು ಕುಸಿತ ದಾಟಿದ ಮೇಲೆ
ಮನಸ್ಸು ಬದಲಿಸಲು ಜಾಗವಿಲ್ಲ.
ಅವನೇ ಹೇಳಿದ್ದು, ಪೊಮಾಟ್,
ಇದೇ ಮೂಟೆಯ ಮೇಲೆ ಕೂತು, ಗೆಣಸು ಸುಲಿಯುತ್ತ.
ಮಾನುಸ್ ದ್ವೀಪದವನು, ಕಡಲಿನವನು,
ಮೋಡವನ್ನು ಯಾವಾಗಲೂ ನೀರು ಅಂತಲೇ ಕರೆಯುತ್ತಿದ್ದ:
‘ಡೋರ್ಕಸ್, ಇವತ್ತು ನೀರು ಎಲ್ಲಿವರೆಗೆ?’

ನನ್ನ ಹತ್ತಿರ ಯಂತ್ರವಿಲ್ಲ. ಮೂರು ಗುರುತು ಅಷ್ಟೆ.
ಚರ್ಚಿನ ತಗಡು ಮಾತ್ರ ಕಂಡರೆ, ಬರಬೇಡ.
ಗಾಳಿಮರ ಕಂಡರೆ, ಕಾಯಿ.
ಜಲಪಾತ ಕಂಡರೆ, ಬಾ.
ಹನ್ನೊಂದು ವರ್ಷ ಇಷ್ಟರಲ್ಲೇ ನಡೆದಿದೆ.

ಆ ಬೆಳಿಗ್ಗೆ ಜಲಪಾತ ಕಂಡಿತು.
ಹೌದು, ನಾನೇ ನೋಡಿದೆ, ಈ ಬಾಗಿಲಲ್ಲಿ ನಿಂತು,
ಬಿಳಿ ದಾರದ ಹಾಗೆ, ಪೂರ್ತಿ.
ಒಳಗೆ ಬಂದೆ. ಬ್ಯಾಟರಿಯ ತಂತಿ ಸಡಿಲಾಗಿತ್ತು.
ಹಲ್ಲಲ್ಲಿ ಕಚ್ಚಿ ಸುತ್ತಿದೆ.
ಅಷ್ಟರಲ್ಲಿ ಅವನ ದನಿ.
‘ಮಿ ಲುಕಿಮ್,’ ಅಂದೆ.

ಇಲ್ಲಿ ಪೆನ್ನು ನಿಲ್ಲಿಸಿ, ಕೇಳಿ.
ನನ್ನ ಮನೆ ಮಾತಿನಲ್ಲಿ
ಈಗ ಕಾಣುವುದಕ್ಕೆ ಒಂದು ಬಾಲ,
ಬೆಳಿಗ್ಗೆ ಕಂಡದ್ದಕ್ಕೆ ಇನ್ನೊಂದು,
ನಿನ್ನೆಯದಕ್ಕೆ ಮತ್ತೊಂದು. ತಪ್ಪಲು ಸಾಧ್ಯವೇ ಇಲ್ಲ.
ರೇಡಿಯೋದ ಮಾತು ಪಿಸಿನ್.
ಅದರಲ್ಲಿ ಲುಕಿಮ್ ಅಂದರೆ ಕಂಡೆ,
ಲುಕಿಮ್ ಅಂದರೆ ಕಾಣುತ್ತಿದ್ದೇನೆ.
ನಾನು ಕಂಡೆ ಅಂದೆ.
ಅವನು ಕಾಣುತ್ತಿದ್ದಾಳೆ ಅಂದುಕೊಂಡ.
ಆ ಎರಡರ ನಡುವೆ ಮಳೆ ಬಂತು.

ಸುಳ್ಳು ಯಾಕೆ, ಇದನ್ನೂ ಬರೆಯಿರಿ.
ಅವನು ಬರಲಿ ಅಂತ ಆಸೆಯಿತ್ತು.
ಹೊರಗೆ ಡೋಲಿಯಲ್ಲಿ ಕುವಿಸಾ ಮಲಗಿದ್ದಳು,
ಎರಡು ರಾತ್ರಿಯ ನೋವು, ಕೂಸು ತಲೆಕೆಳಗಾಗಿರಲಿಲ್ಲ.
ಎದ್ದು ಇನ್ನೊಮ್ಮೆ ಬಾಗಿಲಿಗೆ ಹೋಗಿ ನೋಡಬಹುದಿತ್ತು.
ಎಂಟು ಹೆಜ್ಜೆ. ನಿಮ್ಮ ಟೇಪು ತೆಗೆದು ಅಳೆಯಿರಿ.

ಆಮೇಲೆ ಕೇಳಿಸಿದ್ದು ಮಾತ್ರ.
ಇಂಜಿನ್ ಹತ್ತಿರ ಬಂತು, ದೂರ ಹೋಯಿತು,
ಗಂಟಲು ಸರಿಮಾಡಿಕೊಂಡ ಹಾಗೆ ಒಮ್ಮೆ ಏರಿತು.
ಪಟ್ಟಿಗಿಂತ ನಲವತ್ತು ಮಾರು ಕೆಳಗೆ
ಹೈಮೆಯ ಗೆಣಸಿನ ಹೊಲದಲ್ಲಿ
ಮೂಗು ಊರಿ, ಮಗುಚಿ ಬಿತ್ತು.
ಹೊತ್ತಿಕೊಳ್ಳಲಿಲ್ಲ. ಚಕ್ರ ಬಹಳ ಹೊತ್ತು ತಿರುಗಿತು.
ಮಳೆ ಚಕ್ರದ ಮೇಲೂ ಬಿತ್ತು.

ಇದ್ದದ್ದು ಒಂದೇ ಡೋಲಿ.
ಯಾರೂ ಕೇಳಲಿಲ್ಲ.
ಕುವಿಸಾ ತಾನಾಗಿ ಇಳಿದಳು,
ಕಂಬಳಿ ಕೊಡವಿ, ‘ತಗೊಂಡು ಹೋಗಿ’ ಅಂದಳು,
ಇಬ್ಬರ ಹೆಗಲು ಹಿಡಿದು ಹಿಂದೆಯೇ ನಡೆದಳು.
ರಸ್ತೆ ಇರುವುದು ಒಂದೂವರೆ ದಿನದ ಆಚೆ.
ಎರಡನೇ ಹೊಳೆಯ ಹತ್ತಿರ ಅವನು ಮುಗಿದ.
ಕೂಸು ಹುಟ್ಟಿದ್ದು ಅದಕ್ಕೂ ಮೊದಲು,
ಬಂಡೆಯೊಂದರ ಅಡಿಯಲ್ಲಿ, ಕಾಲು ಮುಂದಾಗಿ, ನೀಲಿಯಾಗಿ.
ಬದುಕಿದೆ. ಅಳುತ್ತಿರುವುದು ಅದೇ, ಕೇಳಿ.
ಪೈಲಟ್‌ನ ಹೆಸರಿಡು ಅಂದರು ಊರವರು.
ಬೇಡ ಅಂದಳು ಕುವಿಸಾ.
ಅಷ್ಟು ಭಾರ ಇಷ್ಟು ಸಣ್ಣ ಕೊರಳಿಗೆ ಯಾಕೆ?

ಹವಾಮಾನವೇ ಕಾರಣ ಅಂತ ಬರೆಯುತ್ತೀರೇನೋ.
ಬರೆಯಿರಿ, ಅದೂ ಸುಳ್ಳಲ್ಲ.
ನಾನೀಗ ರೇಡಿಯೋವನ್ನು ಬಾಗಿಲಿಗೆ ತಂದಿಟ್ಟಿದ್ದೇನೆ.
ತಂತಿ ಸಾಲದೆ ಬಟ್ಟೆಯ ಹಗ್ಗದ ಮೇಲೆ ಎಳೆದಿದ್ದೇನೆ.
ಹೊಸ ಹುಡುಗ ಕರೆದಾಗ, ನೋಡುತ್ತಲೇ ಹೇಳುತ್ತೇನೆ.
ಅವನು ನೀರು ಅನ್ನುವುದಿಲ್ಲ, ಮೋಡ ಅನ್ನುತ್ತಾನೆ.
ನನಗೆ ಒಂದು ಕ್ಷಣ ಅರ್ಥವಾಗುವುದಿಲ್ಲ.

ಮುಗಿಯಿತೇ?
ಹೊರಡುವ ಮುಂಚೆ ಒಂದು ಮಾತು ಹೇಳಿ.
ಪಟ್ಟಿಯಿಂದ ಹಂದಿ ಓಡಿಸಬೇಕು.